ಆರ್ಲೋ ಡೆಮ್ಮರನ ಪುಕ್ಕಟೆ ವಕೀಲರು

ಗ್ರಾಟ್ ಸಾಹೇಬರ ಹೊಸ ದೋಣಿಯಲ್ಲಿ ಆರ್ಲೋ ಡೆಮ್ಮರ್ ಕೂತದ್ದು ಕದಿಯುವುದಕ್ಕಲ್ಲ, ಕೂತು ನೋಡುವುದಕ್ಕೆ. ಇದನ್ನು ಕೆಟಲ್‌ಬೆಂಡ್ ಊರಿನ ನಾವೆಲ್ಲ ಇವತ್ತಿಗೂ ಪ್ರಮಾಣ ಮಾಡಿ ಹೇಳುತ್ತೇವೆ. ನಾವು ಪ್ರಮಾಣ ಮಾಡಿ ಮಾತಾಡಲು ಹೋದದ್ದರಿಂದಲೇ ಅವನಿಗೆ ಇನ್ನಷ್ಟು ತೊಂದರೆಯಾಯಿತು. ಆದರೆ ಆ ಸಂಗತಿ ಮುಂದಿನದು.

ಆರ್ಲೋ ನಮ್ಮೂರಿನ ಶಾಲೆಯ ಬಸ್ ಓಡಿಸುವವನು. ಐವತ್ತು ದಾಟಿದ, ಮದುವೆಯಾಗದ, ಯಾರ ತಂಟೆಗೂ ಹೋಗದ ಮನುಷ್ಯ. ಅಕ್ಕ ವರ್ನೀಟಾಳ ಮನೆಯ ಹಿಂಬದಿಯ ಕೋಣೆಯಲ್ಲಿ ಅವನ ವಾಸ. ಬಸ್ ಓಡಿಸುವಾಗ ಅವನಷ್ಟು ಎಚ್ಚರದ ಮನುಷ್ಯ ಮಿಸಿಸಿಪಿ ನದಿಯ ಈ ದಂಡೆಯಲ್ಲಿ ಇನ್ನೊಬ್ಬನಿಲ್ಲ. ಆದರೆ ಬಸ್ಸಿನಿಂದ ಇಳಿದು ಬೇರೆ ಎಲ್ಲಿ ಕೂತರೂ ಕೂತಲ್ಲೇ ನಿದ್ದೆ. ಚರ್ಚಿನಲ್ಲಿ ನಿದ್ದೆ, ಕ್ಷೌರದ ಕುರ್ಚಿಯಲ್ಲಿ ನಿದ್ದೆ, ಒಮ್ಮೆ ಅವನದೇ ಹುಟ್ಟುಹಬ್ಬಕ್ಕೆ ನಾವೆಲ್ಲ ಸೇರಿ ಹಾಡುತ್ತಿದ್ದಾಗ ನಿದ್ದೆ. ಬಸ್ಸಿನಲ್ಲಿ ಖರ್ಚಾದ ಎಚ್ಚರವನ್ನು ಹೀಗೆ ತುಂಬಿಕೊಳ್ಳುತ್ತಾನೆ ಎಂದು ನಾವು ನಮಗೆ ನಾವೇ ವಿವರಣೆ ಕೊಟ್ಟುಕೊಂಡಿದ್ದೆವು.

ಅದು ಜುಲೈ ತಿಂಗಳು. ಶಾಲೆಗೆ ರಜೆ. ನದಿಯ ಮೇಲೆ ಬಿಸಿಲು ಹಾಲಿನ ಕೆನೆಯಂತೆ ಕಟ್ಟಿಕೊಂಡು, ಆಚೆ ದಂಡೆಯ ಗುಡ್ಡಗಳು ಇವೆಯೋ ಇಲ್ಲವೋ ಎಂಬಂತೆ ಕಾಣುತ್ತಿದ್ದವು. ಟ್ರಾಕ್ಟರ್ ಮಾರಿ ಸಿರಿವಂತರಾದ ಗ್ರಾಟ್ ಸಾಹೇಬರ ಮಗಳ ಮದುವೆ ಅವತ್ತು ಸಂಜೆ ನದಿ ಹರಿಯುವ ದಿಕ್ಕಿನ ಮುಂದಿನ ಊರಾದ ಸೇಂಟ್ ಒಡೀಲಿನ ನದೀತೀರದ ತೋಟದಲ್ಲಿತ್ತು. ಮದುವೆ ಮುಗಿದ ಮೇಲೆ ವಧೂವರರು ಹೊಸ ದೋಣಿಯಲ್ಲಿ ತೇಲಿಹೋಗಬೇಕೆಂಬುದು ಸಾಹೇಬರ ಕನಸು. ದೋಣಿಗೆ ಬಿಳಿ ಮೆತ್ತೆ, ಬಿಳಿ ಚಪ್ಪರ, ಸುತ್ತ ರೇಷ್ಮೆಯ ರಿಬ್ಬನ್ನು. ಸಂಜೆ ಅಲ್ಲಿಗೆ ಒಯ್ಯುವವರೆಗೆ ನಮ್ಮೂರ ದೋಣಿಕಟ್ಟೆಯ ಕಂಬಕ್ಕೆ ಅದನ್ನು ಕಟ್ಟಿದ್ದ ಹಗ್ಗ ಅಂದವಾಗಿಲ್ಲವೆಂದು ಸಾಹೇಬರ ಹೆಂಡತಿ ಹಗ್ಗ ಬಿಚ್ಚಿಸಿ, ಅದಕ್ಕೂ ರಿಬ್ಬನ್ನೇ ಕಟ್ಟಿಸಿದ್ದರು.

ಆರ್ಲೋ ಊಟ ಮುಗಿಸಿ, ಬೇಯಿಸಿದ ಜೋಳದ ತೆನೆಯೊಂದನ್ನು ಕಡಿಯುತ್ತ ಕಟ್ಟೆಗೆ ಬಂದ. ದೋಣಿ ನೋಡಿದ. ಜೀವಮಾನವೆಲ್ಲ ಬಸ್ಸಿನ ಗಟ್ಟಿ ಸೀಟಿನಲ್ಲಿ ಕೂತವನಿಗೆ ಆ ಬಿಳಿ ಮೆತ್ತೆ ಹೇಗಿರಬಹುದು ಅನ್ನಿಸಿತು. ಅತ್ತ ಇತ್ತ ನೋಡಿ, ತೆನೆಯನ್ನು ಕಟ್ಟೆಯ ಮೇಲಿಟ್ಟು, ಬೂಟು ಕಳಚಿ, ಮರ್ಯಾದೆಯಿಂದ ಒಳಗೆ ಕಾಲಿಟ್ಟು ಕೂತ. ಕೂತವನು ಒರಗಿದ. ಆಮೇಲೆ ಏನಾಯಿತೆಂದು ಅವನಿಗೆ ಗೊತ್ತಿಲ್ಲ. ರಿಬ್ಬನ್ನಿಗೆ ಗೊತ್ತಿರಬೇಕು.

ದೋಣಿ ತನ್ನ ಪಾಡಿಗೆ ತಾನು ನದಿಯೊಂದಿಗೆ ಹೊರಟಿತು. ದಾರಿಯಲ್ಲಿ ಮೀನು ಹಿಡಿಯುತ್ತಿದ್ದವರು ಕೈಬೀಸಿದರಂತೆ. ಇವನು ಬೀಸಲಿಲ್ಲವೆಂದು ಅವರಿಗೆ ಬೇಸರವಾಯಿತಂತೆ. ಸರಕಿನ ದೊಡ್ಡ ಹಡಗೊಂದು ಹಾರ್ನ್ ಹೊಡೆದು ಪಕ್ಕಕ್ಕೆ ಸರಿಯಿತಂತೆ. ಬಿಳಿಯ ಪೆಲಿಕನ್ ಹಕ್ಕಿಯೊಂದು ದೋಣಿಯ ಮೂತಿಯ ಮೇಲೆ ಕೂತು ಬಹಳ ದೂರ ಜೊತೆಗೆ ಬಂತಂತೆ. ಹೊತ್ತು ಇಳಿಯುತ್ತಿದ್ದಂತೆ ನದಿಯಿಂದ ಮೇಫ್ಲೈ ಹುಳುಗಳು ಎದ್ದವು. ವರ್ಷಕ್ಕೊಮ್ಮೆ ಎದ್ದು, ಹಿಮ ಬಿದ್ದಂತೆ ಊರೆಲ್ಲ ಬಿದ್ದು, ಮಾರನೆಯ ದಿನ ಗುಡಿಸಿ ಹಾಕಿಸಿಕೊಳ್ಳುವ ತೆಳ್ಳನೆಯ ರೆಕ್ಕೆಯ ಹುಳುಗಳು. ಅವು ರಿಬ್ಬನ್ನಿನ ಮೇಲೆ, ಚಪ್ಪರದ ಮೇಲೆ, ಆರ್ಲೋನ ಎದೆಯ ಮೇಲೆ, ಮೀಸೆಯ ಮೇಲೆ ಮೆಲ್ಲನೆ ಬಂದು ಕೂತವು.

ಸೇಂಟ್ ಒಡೀಲಿನ ತೋಟದಲ್ಲಿ ಮದುವೆಯ ವಿಧಿ ಮುಗಿದು ವಾದ್ಯದವರು ನಿಧಾನದ ಹಾಡು ಹಿಡಿದಿದ್ದರು. ಗ್ರಾಟ್ ಸಾಹೇಬರು ಮಾತ್ರ ದೋಣಿ ಕಳುವಾಗಿದೆ ಎಂಬ ಸುದ್ದಿ ಕೇಳಿ ಕೆಂಪಾಗಿ ಕೂತಿದ್ದರು. ಆಗ ಹೊನ್ನಿನ ಬಣ್ಣಕ್ಕೆ ತಿರುಗಿದ್ದ ನೀರಿನ ಮೇಲೆ, ಹುಳುಗಳ ಬಿಳಿ ಮಂಜಿನ ನಡುವಿನಿಂದ, ರಿಬ್ಬನ್ನು ಎಳೆದುಕೊಂಡು, ಎದೆಯ ಮೇಲೆ ಕೈಕಟ್ಟಿ ಅಲುಗದೆ ಮಲಗಿದ್ದ ಒಬ್ಬ ಮನುಷ್ಯನನ್ನು ಹೊತ್ತು ಆ ದೋಣಿ ತಾನಾಗಿ ಬಂತು. ವಾದ್ಯ ನಿಂತಿತು. ಮದುಮಗನ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ದೋಣಿ ದಂಡೆಗೆ ಮುತ್ತಿಟ್ಟಂತೆ ತಾಗಿ ನಿಂತಿತು.

ಆರ್ಲೋ ಕಣ್ಣು ಬಿಟ್ಟ. ಮರಗಳಲ್ಲಿ ದೀಪ, ಬಿಳಿ ಉಡುಪಿನ ಹೆಂಗಸರು, ಆಕಾಶದಿಂದ ರೆಕ್ಕೆ ಬಡಿಯುತ್ತ ಇಳಿಯುವ ಬಿಳಿಯ ಚೂರುಗಳು. ಬರಬೇಕಾದ ಜಾಗಕ್ಕೆ ಬಂದೆ ಎಂದುಕೊಂಡನಂತೆ. ಬೇಸರವೇನೂ ಆಗಲಿಲ್ಲವಂತೆ, ಶಾಲೆ ಶುರುವಾದಾಗ ಬಸ್ ಓಡಿಸುವವರು ಯಾರು ಎಂಬುದೊಂದೇ ಚಿಂತೆ. ಎದ್ದು ಕೂತು, ಹತ್ತಿರ ನಿಂತಿದ್ದ ಮದುಮಗಳಿಗೆ ತುಂಬ ವಿನಯದಿಂದ ಹೇಳಿದ:

"ಅಕ್ಕಂಗೆ ಒಂದು ಮಾತು ಹೇಳಿ ಬರಬೇಕಿತ್ತಮ್ಮಾ."

ಅಷ್ಟರಲ್ಲಿ ಗ್ರಾಟ್ ಸಾಹೇಬರು ಬಾಯಿಗೆ ಬಂದಂತೆ ಬೈಯುತ್ತ ಓಡಿಬಂದದ್ದರಿಂದ ಅದು ಸ್ವರ್ಗವಲ್ಲವೆಂದು ಅವನಿಗೆ ಖಾತ್ರಿಯಾಯಿತು. ನೆಂಟರಲ್ಲಿ ಒಬ್ಬ ಪೊಲೀಸಿನವನಿದ್ದ. ಸೂಟು ತೊಟ್ಟಿದ್ದ ಅವನ ಬಳಿ ಬೇಡಿ ಇರಲಿಲ್ಲ. ಕೇಕ್ ತಿನ್ನುವುದು ಮುಗಿಯಲಿ ಎಂದು ಆರ್ಲೋನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗೂ ಒಂದು ತುಂಡು ಕೊಡಿಸಿ, ಆಮೇಲೆ ಬಂಧಿಸಿದ.

ಬಂಧಿಸುವಾಗ ಹೇಳಬೇಕಾದ ಮಾತನ್ನು ಅವನು ಹೇಳಿದ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ನಿಮಗಿಲ್ಲದಿದ್ದರೆ ನಿಮಗೊಬ್ಬ ವಕೀಲರನ್ನು ನೇಮಿಸಲಾಗುವುದು. ಟೀವಿ ನೋಡುವ ನಮಗೆಲ್ಲ ಆ ವಾಕ್ಯ ಪ್ರಾರ್ಥನೆಯಂತೆ ಬಾಯಿಪಾಠ. ಅದರ ಮುಂದೆ ಇನ್ನೊಂದು ವಾಕ್ಯ ಇರಬೇಕಿತ್ತೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ನ್ಯಾಯಾಲಯದಲ್ಲಿ ಒಂದು ಕಾಗದ ಮುಂದಿಟ್ಟರು. ಆರ್ಲೋ ಆಕಳಿಸುತ್ತ ಸಹಿ ಹಾಕಿದ. ಅಕ್ಕನ ಮನೆಗೆ ಹೋಗಲು ಬಿಟ್ಟರು.

ಹೀಗೆ ಅವನಿಗೆ ಸೋಲ್ವೇಗ್ ಓಡೆಗಾರ್ಡ್ ಎಂಬ ವಕೀಲರು ಸಿಕ್ಕಿದರು. ಮಿನ್ನೆಸೋಟದಿಂದ ಬಂದ ಚಿಕ್ಕ ಪ್ರಾಯದ ಹೆಣ್ಣುಮಗಳು. ಸಾಮಾನಿನ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದು, ಊರಿನಲ್ಲಿ ಒಬ್ಬರ ಪರಿಚಯವೂ ಇಲ್ಲದೆ, ಸಂಜೆಯ ಹೊತ್ತು ಒಬ್ಬರೇ ನದಿ ನೋಡುತ್ತ ಕೂರುತ್ತಿದ್ದರು. ಇದು ಅವರ ಮೊದಲನೆಯ ಮೊಕದ್ದಮೆ. ಅವರು ಆರ್ಲೋನ ಕೈಕುಲುಕಿ, ನಿಮ್ಮ ಪರವಾಗಿ ನಾನಿದ್ದೇನೆ, ಏನು ಬೇಕಾದರೂ ಯಾವಾಗ ಬೇಕಾದರೂ ಕೇಳಿ ಎಂದರು.

ಈ ಮಾತು ಆರ್ಲೋನ ತಲೆಗೇರಿತು. ಅವನ ಪರವಾಗಿ ಅದುವರೆಗೆ ಯಾರೂ ಇದ್ದಿರಲಿಲ್ಲ. ಗ್ರಾಟ್ ಸಾಹೇಬರಿಗೆ ಅವರ ವೈದ್ಯರಿದ್ದರು, ಅವರ ಲೆಕ್ಕಿಗರಿದ್ದರು, ಅವರ ದರ್ಜಿಯಿದ್ದ. ಈಗ ಆರ್ಲೋನಿಗೆ ಅವನ ವಕೀಲರು. ಕ್ಲೆಟಸ್‌ನ ಕ್ಷೌರದಂಗಡಿಯಲ್ಲಿ ಯಾರೋ, ನಾಳೆ ಮಳೆ ಬರಬಹುದೇನೋ ಆರ್ಲೋ ಎಂದು ಕೇಳಿದ್ದಕ್ಕೆ, "ನನ್ನ ವಕೀಲರನ್ನ ಕೇಳದೆ ನಾನೇನೂ ಹೇಳೋ ಹಾಗಿಲ್ಲ" ಎಂದು ಗಂಭೀರವಾಗಿ ನುಡಿದ. ಅಂಗಡಿಯಲ್ಲಿ ಒಂದು ಕ್ಷಣ ಎಲ್ಲರಿಗೂ ಅವನ ಮೇಲೆ ಗೌರವ ಮೂಡಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಗೌರವದ ಹಿಂದೆಯೇ ಆಸೆಯೂ ಬಂತು. ಕ್ಲೆಟಸ್‌ನ ಅಪ್ಪ ತನ್ನ ಕಾಲದಲ್ಲಿ ಮುದುಕರಿಗೆ ಅರ್ಧ ದರ ಎಂದು ಬಾಗಿಲ ಮೇಲೆ ಬರೆಸಿದ್ದ. ಊರಿನಲ್ಲಿ ಈಗ ಮುದುಕರೇ ಹೆಚ್ಚು. ಆ ಮಾತಿಗೆ ಮಗ ಬದ್ಧನೇ? ಆರ್ಲೋ ಕೇಳಿಕೊಂಡು ಬಂದ. ಪಕ್ಕದ ಮನೆಯ ವಿಧವೆ ಮಿಸೆಸ್ ಥಿಲ್ ಅವರ ಅಂಗಳಕ್ಕೆ ಬೇರೆಯವರ ಅಕ್ರೋಟು ಮರದಿಂದ ಕಾಯಿ ಬೀಳುತ್ತಿತ್ತು. ಬಿದ್ದ ಕಾಯಿ ಯಾರದು? ಅದನ್ನೂ ಕೇಳಿಕೊಂಡು ಬಂದ. ಚರ್ಚಿನ ಶುಕ್ರವಾರದ ಮೀನೂಟಕ್ಕೆ ಬಂದವರೆಲ್ಲ ತಟ್ಟೆ ಹಿಡಿದು ಅವನ ಸುತ್ತ ಸೇರತೊಡಗಿದರು. ಅವನು ಎಲ್ಲವನ್ನೂ ಫೋನಿನಲ್ಲಿ ವಕೀಲರಿಗೆ ಒಪ್ಪಿಸುವನು. ಮಾತಾಡಲು ಯಾರೂ ಇಲ್ಲದ ಓಡೆಗಾರ್ಡ್ ಮೇಡಂ ಅಕ್ರೋಟು ಕಾಯಿಯ ಬಗ್ಗೆ ಹಳೆಯ ತೀರ್ಪುಗಳನ್ನು ತೆಗೆದು ಓದಿ, ಖುಷಿಯಿಂದ ಉತ್ತರ ಹೇಳುವರು.

ಅನುಮಾನ ಬಂದದ್ದು ವರ್ನೀಟಾ ಒಬ್ಬಳಿಗೆ.

"ಪುಕ್ಕಟೆ ಅಂತ ನಿಂಗೆ ಯಾರೋ ಹೇಳಿದ್ದು?" ಎಂದು ಕೇಳಿದಳು.

"ಎಲ್ಲರಿಗೂ ಗೊತ್ತಿರೋದೇ ಅಲ್ವೇನಕ್ಕ. ಟೀವೀಲಿ ದಿನಾ ಹೇಳ್ತಾರೆ."

"ಟೀವೀಲಿ ಸೋಪು ಹಾಕ್ಕೊಂಡ್ರೆ ಬೆಳ್ಳಗಾಗ್ತಾರೆ ಅಂತಾನೂ ಹೇಳ್ತಾರೆ" ಎಂದು ಅವಳು ಕಾಫಿ ಬಗ್ಗಿಸಿದಳು.

ವಿಚಾರಣೆಯ ದಿನ ಊರಿಗೆ ಊರೇ ನ್ಯಾಯಾಲಯದಲ್ಲಿತ್ತು. ನದಿಯ ಕಡೆಗೆ ಕಿಟಕಿಗಳಿದ್ದ ಹಳೆಯ ಕಟ್ಟಡ. ನೀರಿನ ಮೇಲಿನ ಬೆಳಕು ಮೇಲ್ಛಾವಣಿಯಲ್ಲಿ ಮೆಲ್ಲಗೆ ಅಲುಗಾಡುತ್ತಿತ್ತು. ಜಡ್ಜ್ ಹೋಲ್ತೌಸ್ ತಾಳ್ಮೆಯ ಮನುಷ್ಯ. ಗ್ರಾಟ್ ಸಾಹೇಬರು ಮೆತ್ತೆಗಳ ಬೆಲೆಯಿಂದ ಹಿಡಿದು ಮದುಮಗನ ಅಜ್ಜಿಯ ರಕ್ತದೊತ್ತಡದವರೆಗೆ ಎಲ್ಲವನ್ನೂ ವಿವರಿಸಿದರು. ಫ್ಯಾನು ತಿರುಗುತ್ತಿತ್ತು. ಮೇಲ್ಛಾವಣಿಯ ಬೆಳಕನ್ನೇ ನೋಡುತ್ತಿದ್ದ ಆರ್ಲೋ ಅವರ ಮಾತು ಮುಗಿಯುವ ಮೊದಲೇ ನಿದ್ದೆಹೋದ.

ಆಮೇಲೆ ಓಡೆಗಾರ್ಡ್ ಮೇಡಂ ಎದ್ದರು. ಕದ್ದ ದೋಣಿ ಎಂದು ಹೇಳುತ್ತಿರುವ ದೋಣಿ ಹೋಗಬೇಕಾದ ಊರಿಗೇ ಹೋಗಿದೆ, ಹೋಗಬೇಕಾದ ಹೊತ್ತಿಗೇ ಹೋಗಿದೆ, ಹೋಗಬೇಕಾದ ತೋಟದ ದಂಡೆಗೇ ತಾಗಿದೆ; ಇದು ಕಳ್ಳತನವಾದರೆ ತಲುಪಿಸುವುದು ಎಂದರೆ ಏನು ಎಂದು ಕೇಳಿದರು. ಎಲ್ಲರೂ ನಕ್ಕರು. ನಂತರ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟು, ಆರ್ಲೋನ ಬಗ್ಗೆ ಒಂದಿಷ್ಟು ಮಾತು ಆಡಿದರು. ಯಾರೂ ನಗಲಿಲ್ಲ. ಯಾರೋ ಮೂಗು ಒರೆಸಿಕೊಂಡರು. ಜಡ್ಜ್ ಮೊಕದ್ದಮೆಯನ್ನು ವಜಾ ಮಾಡಿದರು. ಕುರ್ಚಿಗಳ ಸದ್ದಿಗೆ ಆರ್ಲೋ ಎದ್ದು, ಊಟದ ಹೊತ್ತಾಯಿತೇ ಎಂದು ಕೇಳಿದ.

ಬಿಡುಗಡೆಯ ಸಂತೋಷ ಅವನಿಗೆ ಒಂದು ದಿನ ಇತ್ತು. ಎರಡನೆಯ ದಿನ, ಮೇಡಂ ತನ್ನ ಬಗ್ಗೆ ಏನು ಹೇಳಿದರು ಎಂದು ಕೇಳುತ್ತ ಊರು ಸುತ್ತತೊಡಗಿದ. ನೀನು ಈ ಊರಿನ ಕಂಬ ಅಂದರು ಎಂದ ಕ್ಲೆಟಸ್. ಕಂಬ ಅನ್ನಲಿಲ್ಲ, ದೀಪ ಅಂದರು ಎಂದರು ಮಿಸೆಸ್ ಥಿಲ್. ವರ್ನೀಟಾಳ ಕಿವಿಯ ಯಂತ್ರ ಸರಿಯಾಗಿ ಅದೇ ಹೊತ್ತಿಗೆ ಶಿಳ್ಳೆ ಹೊಡೆಯಲು ಶುರುಮಾಡಿತ್ತು. ಎಲ್ಲರೂ ಅತ್ತಿದ್ದರಿಂದ ಅವಳೂ ಅತ್ತಿದ್ದಳು. ಮೇಡಂ ಅವರನ್ನೇ ಕೇಳಿದರೆ ಅವರು ಕೆಂಪಾಗಿ, ಆ ಹೊತ್ತಿಗೆ ತೋಚಿದ್ದು ಹೇಳಿದೆ ಎಂದರು. ನ್ಯಾಯಾಲಯದ ದಾಖಲೆಯ ಪ್ರತಿ ಕೇಳಿದರೆ ಅದಕ್ಕೆ ಪುಟಕ್ಕಿಷ್ಟು ಎಂದು ದರ ಹೇಳಿದರು. ಜೀವಮಾನದಲ್ಲಿ ಮೊದಲ ಬಾರಿಗೆ ತನ್ನನ್ನು ಯಾರೋ ಬಹಿರಂಗವಾಗಿ ಹೊಗಳಿದ್ದಾರೆ, ಆ ಕೋಣೆಯಲ್ಲಿ ಅದನ್ನು ಕೇಳದೆ ಉಳಿದವನು ತಾನೊಬ್ಬನೇ. ಈ ಕೊರಗಿನಲ್ಲಿ ಅವನಿಗೆ ಚರ್ಚಿನಲ್ಲಿ ಕೂಡ ನಿದ್ದೆ ಬಾರದೆ ಹೋಯಿತು. ಪಾದ್ರಿಗಳು ಗಾಬರಿಯಾಗಿ, ಹುಷಾರಿಲ್ಲವೇ ಎಂದು ವಿಚಾರಿಸಿದರು.

ಬಿಲ್ಲು ಬಂದದ್ದು ಆಗ. ವಕೀಲರ ಸೇವೆಯ ಬಾಬ್ತು ಎಂದು ಅದರಲ್ಲಿದ್ದ ಮೊತ್ತ, ಆರ್ಲೋ ಚಳಿಗಾಲವಿಡೀ ಬಸ್ ಓಡಿಸಿ ಸಂಪಾದಿಸುವಷ್ಟಿತ್ತು. ಗ್ರಾಟ್ ಸಾಹೇಬರಿಗೆ ಹೋಗಬೇಕಾದದ್ದು ತಪ್ಪಿ ಇಲ್ಲಿಗೆ ಬಂದಿದೆ ಎಂದು ಕ್ಲೆಟಸ್ ತೀರ್ಮಾನ ಕೊಟ್ಟ. ಆರ್ಲೋ ಅದನ್ನು ಹಿಂತಿರುಗಿಸಲು ನ್ಯಾಯಾಲಯದಲ್ಲಿ ಹಣ ಕಟ್ಟುವ ಕಿಟಕಿಗೆ ಹೋದ. ಕಿಟಕಿಯ ಹಿಂದಿದ್ದ ಹೆಂಗಸು ಕರುಣೆಯುಳ್ಳವರು.

"ಇದು ನಿಮ್ದೇ ಕಣ್ರೀ" ಎಂದರು.

"ನಂಗೆ ವಕೀಲರನ್ನ ಪುಕ್ಕಟೆ ಕೊಟ್ಟಿದ್ರಲ್ಲಮ್ಮಾ."

"ಕೊಡೋದು ಪುಕ್ಕಟೇನೇ. ಇಟ್ಕೊಂಡಿದ್ದಕ್ಕೆ ದುಡ್ಡು."

ಆರ್ಲೋ ಬಿಲ್ಲಿನ ಹಿಂಬದಿಯನ್ನೂ ತಿರುಗಿಸಿ ನೋಡಿದ. ಆಮೇಲೆ, "ಆದ್ರೆ ನಾನು ಗೆದ್ದೆ" ಎಂದ.

"ಗೆದ್ದೋರಿಗೂ ಸೋತೋರಿಗೂ ಒಂದೇ ರೇಟು" ಎಂದು ಅವರು ಸಮಾಧಾನ ಮಾಡಿದರು. ಕಟ್ಟದಿದ್ದರೆ ವಾಹನ ಓಡಿಸುವ ಲೈಸೆನ್ಸ್ ತಡೆಹಿಡಿಯುತ್ತಾರೆ ಎಂಬುದನ್ನೂ ಅಷ್ಟೇ ಮೃದುವಾಗಿ ಹೇಳಿದರು.

ಲೈಸೆನ್ಸ್ ಇಲ್ಲದಿದ್ದರೆ ಬಸ್ ಇಲ್ಲ. ಬಸ್ ಇಲ್ಲದಿದ್ದರೆ ಆರ್ಲೋ ಏನು? ಅವನು ಶಾಲೆಯ ಹಿಂದೆ ನಿಲ್ಲಿಸಿದ್ದ ಹಳದಿ ಬಸ್ಸಿನ ಬಳಿ ಹೋಗಿ, ಬಾಗಿಲು ತೆಗೆದು, ತನ್ನ ಸೀಟಿನಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದ. ಕಿಟಕಿಯಾಚೆ ಜೋಳದ ಹೊಲಗಳು ಬಿಸಿಲಿನಲ್ಲಿ ನೀರಿನಂತೆ ತೇಲುತ್ತಿದ್ದವು. ಅವನು ಎಲ್ಲಿಗೋ ಹೋಗುತ್ತಿರುವಂತೆ ಎರಡು ಕೈಯನ್ನೂ ಸ್ಟಿಯರಿಂಗಿನ ಮೇಲಿಟ್ಟುಕೊಂಡಿದ್ದ ಎಂದು ನೋಡಿದವರು ಹೇಳಿದರು.

ಸುದ್ದಿ ಕೇಳಿ ಓಡೆಗಾರ್ಡ್ ಮೇಡಂ ವರ್ನೀಟಾಳ ಮನೆಗೆ ಓಡಿಬಂದರು. ಅವರಿಗೆ ಅಳು ಬರುವುದೊಂದು ಬಾಕಿ. ಆರ್ಲೋ ಸಹಿ ಹಾಕಿದ ಕಾಗದದಲ್ಲಿ ಇದೆಲ್ಲ ಇತ್ತಂತೆ. ಓದಿಯೇ ಸಹಿ ಹಾಕಿದ್ದಾನೆ ಎಂದು ಅವರು ನಂಬಿದ್ದರಂತೆ. ಅದೂ ಅಲ್ಲದೆ ಅವನು ಮಾಡಿದ ಪ್ರತಿಯೊಂದು ಫೋನನ್ನೂ ಅವರ ಕಚೇರಿಯ ಯಂತ್ರ ಅವರಿಗೆ ಗೊತ್ತಿಲ್ಲದೆಯೇ ದೋಣಿಯ ಮೊಕದ್ದಮೆಗೆ ಸೇರಿಸಿಬಿಟ್ಟಿತ್ತು. ಅರ್ಧ ದರದ ಕ್ಷೌರವೂ ಅಕ್ರೋಟು ಕಾಯಿಯೂ ಹಾಗೆ ಬಿಲ್ಲಿನೊಳಗೆ ಹೊಕ್ಕಿದ್ದವು. ಆದರೂ ದಾರಿಯೊಂದಿದೆ ಎಂದರು. ಕಟ್ಟುವ ಶಕ್ತಿ ಇಲ್ಲವೆಂದು ಜಡ್ಜಿಗೆ ತೋರಿಸಿಕೊಟ್ಟರೆ ಮನ್ನಾ ಮಾಡಬಹುದು. ಆರ್ಲೋ ಸುಮ್ಮನೆ ಕೂತರಾಯಿತು; ಅವನ ಬಳಿ ಏನೂ ಇಲ್ಲವೆಂದು ಹೇಳುವುದು ತಮ್ಮ ಕೆಲಸ; ಬೇರೆ ಯಾರೂ ಬಾಯಿ ಬಿಡಬೇಕಾಗಿಲ್ಲ.

"ಅದು ಪುಕ್ಕಟೇನಾ ಮೇಡಂ?" ಎಂದು ಆರ್ಲೋ ಕೇಳಿದ.

ಮೇಡಂ ಕಾಫಿ ಬಟ್ಟಲನ್ನು ಕೆಳಗಿಟ್ಟು, ಅದಕ್ಕೂ ಬಿಲ್ಲು ಬರಬಹುದು ಎಂದರು.

ಬೇರೆ ಯಾರೂ ಬಾಯಿ ಬಿಡಬೇಕಾಗಿಲ್ಲ ಎಂಬ ಮಾತು ನಮ್ಮ ಕಿವಿಗೆ ಬೀಳಲೇ ಇಲ್ಲ. ನಮ್ಮ ಪ್ರಶ್ನೆಗಳಿಂದಲೇ ಅವನ ಬಿಲ್ಲು ಬೆಳೆಯಿತೆಂದು ಗೊತ್ತಾದ ಮೇಲೆ ಊರಿಗೆ ಊಟ ಸೇರಲಿಲ್ಲ. ಕ್ಲೆಟಸ್ ಅಂಗಡಿಯಲ್ಲಿ ಸಭೆ ಕರೆದ. ನಾವೆಲ್ಲ ಹೋಗಿ ಆರ್ಲೋನ ಪರವಾಗಿ ಜಡ್ಜಿನ ಮುಂದೆ ಒಳ್ಳೆಯ ಮಾತು ಹೇಳಬೇಕೆಂದು ಒಮ್ಮತದ ನಿರ್ಣಯವಾಯಿತು. ಆರ್ಲೋ ಅದೇ ಅಂಗಡಿಯ ಕುರ್ಚಿಯಲ್ಲಿ ಮುಖದ ತುಂಬ ಸಾಬೂನಿನ ನೊರೆಯೊಂದಿಗೆ ಮಲಗಿದ್ದ. ಎಬ್ಬಿಸಿ ಹೇಳುವುದು ಬೇಡ, ಬಹುದಿನಗಳ ಮೇಲೆ ಬಂದ ನಿದ್ದೆ ಎಂದು ಬಿಟ್ಟೆವು.

ಬಿಲ್ಲಿನ ವಿಚಾರಣೆಯ ದಿನ ಮೇಡಂ ಎದ್ದು ನಿಂತು ಕೆಲಸ ಶುರುಮಾಡಿದರು. ನನ್ನ ಕಕ್ಷಿದಾರರಿಗೆ ಸ್ವಂತ ಮನೆಯಿಲ್ಲ ಎಂದರು. ಜಮೀನಿಲ್ಲ ಎಂದರು. ಬೇಸಿಗೆಯಲ್ಲಿ ಸಂಬಳವಿಲ್ಲ, ಇರುವ ಹಳೆಯ ಪಿಕಪ್ ಇಳಿಜಾರಿನಲ್ಲಿ ಮಾತ್ರ ಸ್ಟಾರ್ಟ್ ಆಗುತ್ತದೆ ಎಂದರು. ಎಲ್ಲವೂ ನಿಜ. ಆರ್ಲೋ ಈ ಸಲ ಪೂರ್ತಿ ಎಚ್ಚರವಾಗಿದ್ದ. ಪ್ರತಿ ಮಾತಿಗೂ ಅವನ ಕಿವಿ ಕೆಂಪಾಗುತ್ತ, ಕುತ್ತಿಗೆ ಅಂಗಿಯೊಳಗೆ ಇಳಿಯುತ್ತ ಹೋಯಿತು. ನಮಗೆ ನೋಡಲಾಗಲಿಲ್ಲ. ಕ್ಲೆಟಸ್ ಹಿಂದಿನ ಸಾಲಿನಿಂದ ಎದ್ದು, ತನಗೆ ಮಾತಾಡಲು ಅವಕಾಶ ಬೇಕೆಂದ. ಮೇಡಂ ಹೌಹಾರಿ ತಿರುಗಿ ನೋಡಿದರು. ಜಡ್ಜ್ ಒಳ್ಳೆಯ ಮನುಷ್ಯರಾದ್ದರಿಂದ ಒಪ್ಪಿದರು.

ಕ್ಲೆಟಸ್ ಪ್ರಮಾಣ ಮಾಡಿ, ಆರ್ಲೋ ಪ್ರತಿ ಕ್ಷೌರಕ್ಕೂ ಮೇಲೆ ಧಾರಾಳವಾಗಿ ಭಕ್ಷೀಸು ಕೊಡುವವನೆಂದೂ, ಅಂಗಡಿಯಲ್ಲಿ ಅಂಥ ದೊಡ್ಡ ಕೈ ಇನ್ನೊಂದಿಲ್ಲವೆಂದೂ ಹೇಳಿದ. ಮಿಸೆಸ್ ಥಿಲ್ ಪ್ರಮಾಣ ಮಾಡಿ, ಚರ್ಚಿನ ಹರಾಜಿನಲ್ಲಿ ಅತಿ ಹೆಚ್ಚು ಬೆಲೆಗೆ ಕೇಕ್ ಕೊಂಡವನು ಆರ್ಲೋನೇ, ಕೊಂಡು ತಾನು ತಿನ್ನದೆ ಮಕ್ಕಳಿಗೆ ಹಂಚಿದವನೂ ಅವನೇ ಎಂದರು. ಮೇಡಂ ಎರಡು ಕೈಯಿಂದ ಹಣೆ ಹಿಡಿದುಕೊಂಡು, ಅವರು ಅಕ್ಕನ ಹಂಗಿನಲ್ಲಿ ಬದುಕುತ್ತಿದ್ದಾರೆ ಎಂಬುದನ್ನು ಗಮನಿಸಬೇಕು ಎಂದು ಕೊನೆಯದಾಗಿ ಬೇಡಿಕೊಂಡರು. ಅವತ್ತು ವರ್ನೀಟಾಳ ಕಿವಿಯ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು.

ಅವಳು ಎದ್ದಳು. "ಹಂಗು ಅಂದ್ರಾ ಮೇಡಂ? ನನ್ನ ತಮ್ಮ ನನ್ನ ಮನೇಲಿ ಒಂದು ತುತ್ತೂ ಬಿಟ್ಟಿ ತಿಂದಿಲ್ಲ. ಪ್ರತಿ ತಿಂಗಳು ನಾನು ಕೇಳೋಕ್ ಮುಂಚೆ ಬಾಡಿಗೆ ಮೇಜಿನ ಮೇಲಿರುತ್ತೆ. ನನ್ನ ಮನೆ ಛಾವಣಿ ಹಾಕ್ಸಿದ್ದು ಅವನು. ಡೆಮ್ಮರ್ ಮನೆತನದಲ್ಲಿ ಯಾರೂ ಹಂಗಲ್ಲಿ ಬದುಕಿಲ್ಲ."

ಕೊನೆಗೆ ಗ್ರಾಟ್ ಸಾಹೇಬರು ಎದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಇಷ್ಟೆಲ್ಲ ಆದಮೇಲೂ ಈ ಮನುಷ್ಯ ತಮ್ಮ ಮಗಳ ಮದುವೆಯಲ್ಲಿ ಕೇಕ್ ತಿಂದಿದ್ದೇನೆ ಎಂದು ಉಡುಗೊರೆಯಾಗಿ ಒಳ್ಳೆಯ ಟೋಸ್ಟರ್ ಕಳಿಸಿದ್ದಾನೆ, ಸಿಟ್ಟಿನಲ್ಲಿ ತಾವು ಅದಕ್ಕೊಂದು ವಂದನೆ ಕೂಡ ಹೇಳಿರಲಿಲ್ಲ ಎಂದು ಹೇಳಿ ಕೂತರು.

ಜಡ್ಜ್ ಹೋಲ್ತೌಸ್ ಕನ್ನಡಕ ತೆಗೆದು ಒರೆಸಿದರು. ಈ ಸಾಕ್ಷ್ಯಗಳ ಪ್ರಕಾರ ಆರ್ಲೋ ಡೆಮ್ಮರ್ ಈ ಜಿಲ್ಲೆಯ ಎರಡನೆಯ ದೊಡ್ಡ ಸಾಹುಕಾರನಿರಬೇಕು ಎಂದರು. ಆಗ ನಮಗೆ ನಾವು ಮಾಡಿದ್ದೇನೆಂದು ಅರ್ಥವಾಯಿತು. ಕ್ಲೆಟಸ್ ಎದ್ದು, ಭಕ್ಷೀಸಿನ ಮಾತು ವಾಪಸ್ ತೆಗೆದುಕೊಳ್ಳಬಹುದೇ ಎಂದು ಕೇಳಿದ. ಪ್ರಮಾಣ ಮಾಡಿ ಹೇಳಿದ್ದನ್ನು ವಾಪಸ್ ತೆಗೆದುಕೊಂಡರೆ ನಿನಗೂ ಒಬ್ಬ ವಕೀಲರನ್ನು ನೇಮಿಸಬೇಕಾಗುತ್ತದೆ ಎಂದು ಜಡ್ಜ್ ಹೇಳಿದ ಮೇಲೆ ಕೂತ.

ಆಮೇಲೆ ಅವರು ಆರ್ಲೋನ ಕಡೆ ತಿರುಗಿ, ನೀವೇನು ಹೇಳುತ್ತೀರಿ ಎಂದು ಕೇಳಿದರು. ಆರ್ಲೋ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಎದ್ದು ನಿಂತ.

"ಸ್ವಾಮಿ, ಮೇಡಂ ಹೇಳಿದ್ದೂ ನಿಜ, ಇವ್ರೆಲ್ಲ ಹೇಳಿದ್ದೂ ನಿಜ. ನಂದೊಂದು ಕೇಳ್ಕೆ ಇದೆ. ಆವತ್ತು ಮೇಡಂ ನನ್ನ ಬಗ್ಗೆ ಏನೋ ಹೇಳಿದ್ರಂತೆ. ನಂಗೆ ನಿದ್ದೆ ಬಂದ್ಬಿಟ್ಟಿತ್ತು. ದುಡ್ಡು ಕೊಡೋ ಮುಂಚೆ ಸಾಮಾನು ನೋಡ್ಬೇಕಲ್ವಾ."

ಜಡ್ಜ್ ಪೆನ್ನು ಕೆಳಗಿಟ್ಟರು. ಇದಕ್ಕೆ ಕಾನೂನಿನಲ್ಲಿ ಅಡ್ಡಿಯೇನೂ ಕಾಣುವುದಿಲ್ಲ ಎಂದು ಮೇಡಂ ಕಡೆಗೆ ಕೈತೋರಿದರು.

ಓಡೆಗಾರ್ಡ್ ಮೇಡಂ ಎದ್ದು ನಿಂತರು. ಮುಂದಿದ್ದ ಕಾಗದವನ್ನು ಮುಟ್ಟಲಿಲ್ಲ. ಹೊರಗೆ ನದಿಯ ಮೇಲೆ ಎಲ್ಲೋ ಹಡಗಿನ ಹಾರ್ನ್ ಕೇಳಿ, ಅಡಗಿತು.

"ಚಳಿಗಾಲದಲ್ಲಿ ಬೆಳಕಾಗೋಕೆ ಮುಂಚೆ ಇವ್ರು ಹೋಗಿ ಬಸ್ ಸ್ಟಾರ್ಟ್ ಮಾಡ್ತಾರೆ" ಎಂದರು. "ಮಕ್ಕಳು ಬರೋ ಹೊತ್ಗೆ ಸೀಟು ಬೆಚ್ಚಗಿರ್ಲಿ ಅಂತ. ಹಾಗೆ ಮಾಡಿ ಅಂತ ಯಾರೂ ಹೇಳಿಲ್ಲ, ನಾನು ಶಾಲೇಲಿ ವಿಚಾರಿಸ್ದೆ. ಯಾವ್ದಾದ್ರೂ ಮಗು ದಾರೀಲಿ ನಿಂತಿಲ್ಲ ಅಂದ್ರೆ ಬಿಟ್ಟು ಹೋಗಲ್ಲ, ಇಳಿದು ಹೋಗಿ ಬಾಗಿಲು ತಟ್ತಾರೆ. ಬೇರೆಯೋರ ಮಕ್ಕಳಿಗೋಸ್ಕರ ಅಷ್ಟು ಎಚ್ಚರವಾಗಿರೋ ಮನುಷ್ಯ, ಒಂದು ಮಧ್ಯಾಹ್ನ ಬೇರೆಯೋರ ಮೆತ್ತೆ ಮೇಲೆ ಒರಗಿದ್ರು. ಅವ್ರು ದೋಣಿ ಕದ್ದಿಲ್ಲ ಸ್ವಾಮಿ. ನಿದ್ದೆ ಅವ್ರನ್ನ ಕದ್ಕೊಂಡ್ ಹೋಯ್ತು."

ಕಂಬವೂ ಇರಲಿಲ್ಲ, ದೀಪವೂ ಇರಲಿಲ್ಲ. ನಮ್ಮ ನೆನಪಿನಲ್ಲಿ ದೊಡ್ಡದಾಗಿ ಬೆಳೆದಿದ್ದ ಭಾಷಣ ಇಷ್ಟೇ ಇತ್ತು. ಆರ್ಲೋ ಕಣ್ಣು ಮಿಟುಕಿಸದೆ ಕೇಳಿದ.

"ಅಷ್ಟೇನಾ ಮೇಡಂ?" ಎಂದ.

"ಅಷ್ಟೇ."

ಅವನು ಟೋಪಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಬಸ್ ಬೆಚ್ಚಗೆ ಮಾಡುವುದನ್ನು ಯಾರಾದರೂ ಗಮನಿಸಿದ್ದಾರೆ ಎಂದು ಅವನು ತಿಳಿದೇ ಇರಲಿಲ್ಲ. ನಾವು ಗಮನಿಸಿಯೂ ಇರಲಿಲ್ಲ. ಊರಿಗೆ ಬಂದು ಒಂದು ಬೇಸಿಗೆಯೂ ಕಳೆಯದ ಈ ಹೆಣ್ಣುಮಗಳು ಹೋಗಿ ಕೇಳಿಕೊಂಡು ಬಂದಿದ್ದರು.

"ಕೊಡ್ತೀನಿ ಸ್ವಾಮಿ" ಎಂದ ಆರ್ಲೋ. "ಒಂದೇ ಸಲ ಆಗಲ್ಲ."

ಜಡ್ಜ್ ಆದೇಶ ಬರೆಸಿದರು. ಕ್ಷೌರ, ಅಕ್ರೋಟು ಇತ್ಯಾದಿಗಳನ್ನು ಬಿಲ್ಲಿನಿಂದ ತೆಗೆಯಬೇಕು. ಉಳಿದದ್ದನ್ನು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದು. ಲೈಸೆನ್ಸ್ ಮುಟ್ಟುವಂತಿಲ್ಲ. ಇವತ್ತಿನ ಭಾಷಣ ಹಳೆಯದೇ ಆದ್ದರಿಂದ ಅದಕ್ಕೆ ಹೊಸ ಬಿಲ್ಲು ಹಾಕುವಂತಿಲ್ಲ. ಓಡೆಗಾರ್ಡ್ ಮೇಡಂ ಮೆಟ್ಟಿಲ ಮೇಲೆ ನಿಂತು, ಸೋತದ್ದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಾಗ ವರ್ನೀಟಾ ಹೋಗಿ ತೋಳು ಹಿಡಿದು, ಭಾನುವಾರ ಮನೆಗೆ ಊಟಕ್ಕೆ ಬನ್ನಿ, ಹಂಗು ಗಿಂಗು ಅಂತ ಮಾತ್ರ ಅನ್ನಬೇಡಿ ಎಂದಳು. ಅವರು ಆ ಭಾನುವಾರವೂ ಹೋದರು, ಮುಂದಿನ ಭಾನುವಾರವೂ ಹೋದರು. ಆರ್ಲೋಗೆ ಮತ್ತೆ ಚರ್ಚಿನಲ್ಲಿ ನಿದ್ದೆ ಬರತೊಡಗಿತು.

ಶಾಲೆ ಶುರುವಾಗಿ ಸ್ವಲ್ಪ ದಿನಗಳಾಗಿದ್ದವು. ಒಂದು ಬೆಳಿಗ್ಗೆ ನದಿಯಿಂದ ಎದ್ದ ಮಂಜು ರಸ್ತೆ, ಹೊಲ, ಬೇಲಿ ಎಲ್ಲವನ್ನೂ ನುಂಗಿಕೊಂಡು ಕೂತಿತ್ತು. ಆರ್ಲೋನ ಬಸ್ ದೀಪ ಹಾಕಿಕೊಂಡು, ಅರೆನಿದ್ದೆಯ ಮಕ್ಕಳನ್ನು ತುಂಬಿಕೊಂಡು, ತೇಲಿದಂತೆ ಬರುತ್ತಿತ್ತು. ಸೇತುವೆಯ ಬಳಿ ಕೆಟ್ಟು ನಿಂತ ಪುಟ್ಟ ಕಾರೊಂದು, ಅದರ ಪಕ್ಕದಲ್ಲಿ ಚೀಲ ಎದೆಗವಚಿಕೊಂಡು ಓಡೆಗಾರ್ಡ್ ಮೇಡಂ ಕಾಣಿಸಿದರು. ಬಸ್ ನಿಂತು ಬಾಗಿಲು ತೆರೆಯಿತು.

ನ್ಯಾಯಾಲಯಕ್ಕೆ ಹೊತ್ತಾಗುತ್ತಿದೆ ಎಂದರು ಮೇಡಂ. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಅನುಮಾನಿಸಿದರು.

"ಶಾಲೆ ಬಸ್ಸಲ್ಲಿ ನಾನು ಹತ್ತಬಹುದಾ, ಆರ್ಲೋ?"

"ಕಾನೂನು ನಂಗೇನ್ ಗೊತ್ತು ಮೇಡಂ. ನೀವೇ ಹೇಳ್ಬೇಕು. ನಾನ್ ಕೇಳಿದ್ದಲ್ಲ ಮತ್ತೆ, ನೀವ್ ಕೇಳಿದ್ದು. ನನ್ನ ಲೆಕ್ಕಕ್ಕೆ ಸೇರಿಸ್ಬೇಡಿ."

ಮೇಡಂ ನಕ್ಕರು. ಹಾಗಾದರೆ ಎಷ್ಟು ಕೊಡಬೇಕು ಎಂದು ಚೀಲಕ್ಕೆ ಕೈಹಾಕಿದರು.

ಆರ್ಲೋ ಮುಂದಿನ ಮಂಜನ್ನು ನೋಡುತ್ತ ಬಹಳ ಗಂಭೀರವಾಗಿ ಯೋಚಿಸಿದ. ಮಕ್ಕಳೆಲ್ಲ ಎದ್ದು ಕೂತು ಕಾಯುತ್ತಿದ್ದರು.

"ಹತ್ತಿ ಮೇಡಂ" ಎಂದ. "ಬಿಲ್ಲು ಆಮೇಲೆ ಬರುತ್ತೆ."